ಸಕ್ಕರೆ ಮದುಮಗನ ತಲೆ

ನನ್ನ ಮೇಜಿನ ಮೇಲೆ, ಕಾಗದ ಹಾರದಿರಲಿ ಎಂದು ಭಾರಕ್ಕಿಟ್ಟ ಒಂದು ಕಟ್ಟಿಗೆಯ ತುಂಡಿದೆ. ಅಂಗೈಯಷ್ಟು ಅಗಲ. ಒಂದು ಬದಿ ನುಣ್ಣಗಿದೆ, ಇನ್ನೊಂದು ಬದಿಯಲ್ಲಿ ಏನೋ ತೋಡಿದ್ದಾರೆ. ಮನೆಗೆ ಬಂದವರಿಗೆ ಚಹಾ ಬರುವತನಕ ಕೈಗೊಂದು ಕೆಲಸ ಬೇಕಲ್ಲ, ಅದನ್ನೆತ್ತಿ ತಿರುವಿ ನೋಡುತ್ತಾರೆ. ಒಬ್ಬರು ನಾಯಿ ಅಂದರು. ಒಬ್ಬರು ಮೋಡ ಅಂದರು. ವಿಮೆ ಮಾಡಿಸಲು ಬಂದಿದ್ದ ಗೃಹಸ್ಥರೊಬ್ಬರು ಕನ್ನಡಕ ಸರಿಪಡಿಸಿಕೊಂಡು, "ಯಾವುದೋ ತಾಲೂಕಿನ ನಕಾಶೆ ಇದ್ದಂಗ ಐತಿ" ಅಂದರು. ನಾನು ಯಾರ ಮಾತಿಗೂ ಅಡ್ಡ ಹೇಳುವುದಿಲ್ಲ. ಅದು ಕುದುರೆಯ ಮೇಲೆ ಕೂತ ಮದುಮಗನ ಅಚ್ಚು, ಅದೂ ಅರ್ಧ ಮಾತ್ರ. ಇನ್ನರ್ಧ ನನ್ನ ತಂಗಿ ನೀಲಾಳ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನು ಒತ್ತಿಕೊಂಡು ಕೂತಿದೆ. ಎರಡೂ ಕೂಡಿದರೆ ಮಾತ್ರ ಮದುಮಗ ಆಗುತ್ತಾನೆ. ಅಕ್ಕತಂಗಿಯರು ನಾವು ಕೂಡಿದಾಗ ಅಚ್ಚಿನ ನೆನಪಾಗುವುದಿಲ್ಲ. ಬೇರೆ ಮಾತೇ ಬಹಳ ಇರುತ್ತದೆ.

ನಿಮ್ಮ ಕಡೆ ಗೌರಿ ಹುಣ್ಣಿಮೆಗೆ ಏನು ಮಾಡುತ್ತಾರೋ ಗೊತ್ತಿಲ್ಲ. ನಮ್ಮ ಬನಹಟ್ಟಿಯಲ್ಲಿ ದೀಪಾವಳಿ ಮುಗಿದು ಹದಿನೈದು ದಿನಕ್ಕೆ ಬರುವ ಆ ಹುಣ್ಣಿಮೆಗೆ ಸಕ್ಕರೆ ಆರತಿ. ಸಕ್ಕರೆ ಪಾಕವನ್ನು ಕಟ್ಟಿಗೆಯ ಅಚ್ಚಿಗೆ ಹೊಯ್ದು ಆನೆ, ಕುದುರೆ, ನವಿಲು, ಗಿಳಿ ಮಾಡಿ, ತಾಟಿನಲ್ಲಿ ಜೋಡಿಸಿ, ನಡುವೆ ದೀಪ ಹಚ್ಚಿಟ್ಟು, ಓಣಿಯ ಹುಡುಗಿಯರೆಲ್ಲ ಪರಕಾರ ಉಟ್ಟು ಹಾಡುತ್ತ ಹೋಗಿ ಗೌರಿಗೆ ಬೆಳಗಿ ಬರುವುದು. ಒಂದು ಸಂಜೆಯಲ್ಲ, ಹುಣ್ಣಿಮೆಗೆ ಮುಗಿಯುವಂತೆ ಐದು ಸಂಜೆ. ಗೊಂಬೆಗಳನ್ನು ತಿನ್ನುವುದು ಐದನೆಯ ದಿನದ ಆರತಿ ಆದಮೇಲೆ. ಈ ಪದ್ಧತಿ ಹಾಕಿಕೊಟ್ಟ ಹಿರಿಯರಿಗೆ ದೇವರ ಸಂಗತಿ ಬಹಳ ತಿಳಿದಿತ್ತು, ಮಕ್ಕಳ ಸಂಗತಿ ಏನೂ ತಿಳಿದಿರಲಿಲ್ಲ ಅಂತ ಕಾಣುತ್ತದೆ. ಮೂರು ವರ್ಷದ ಕೂಸಿರುವ ಮನೆಯಲ್ಲಿ ಸಕ್ಕರೆಯ ಆನೆಯನ್ನು ಐದು ದಿನ ಇಟ್ಟುಕೊಳ್ಳುವುದೆಂದರೆ ಬೆಕ್ಕನ್ನು ಹಾಲಿಗೆ ಕಾವಲು ಕೂಡಿಸಿದ ಹಾಗೆ.

ಆ ಕೂಸು ನೀಲಾ. ನನಗೆ ಏಳು ವರ್ಷ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿತ್ತು, ಸಕ್ಕರೆ ಕಾರ್ಡಿನ ಮೇಲೆ ಸಿಗುತ್ತಿತ್ತು. ಸಿಗುತ್ತಿತ್ತು ಎಂಬುದು ದೊಡ್ಡ ಮಾತು. "ಮುಂಬೈ ಭಾಳ ದೂರ. ಅಲ್ಲಿಂದ ನಮ್ಮೂರಿಗೆ ಬರೂದರಾಗ ಹಾದ್ಯಾಗ ಕರಗತೈತಿ" ಎನ್ನುತ್ತಿದ್ದಳು ಆಯಿ, ಅಂದರೆ ನಮ್ಮ ಅಪ್ಪನ ತಾಯಿ. ಮನೆಯವರಿಗೆ ಬೆಲ್ಲದ ಚಹಾ. ಸಕ್ಕರೆ ಬೀಗರಿಗೆ, ದೇವರಿಗೆ. ನಾನೂ ನೀಲಾನೂ ಎರಡರಲ್ಲಿ ಯಾವುದೂ ಅಲ್ಲವಾದ್ದರಿಂದ ಆ ಬಿಳಿ ಪದಾರ್ಥದ ಪರಿಚಯ ನಮಗೆ ಕಣ್ಣಿನಿಂದಲೇ ಹೆಚ್ಚು.

ಆ ವರ್ಷದ ಆರತಿ ಮಾತ್ರ ನಮ್ಮ ಮನೆಯ ಸಕ್ಕರೆಯದಲ್ಲ. ನಮ್ಮ ಗಂಗತ್ತಿಯ ಮದುವೆ ಗೊತ್ತಾಗಿತ್ತು. ಗಂಗತ್ತಿ ಅಪ್ಪನ ತಂಗಿ. ದಿನವೆಲ್ಲ ಪಡಸಾಲೆಯಲ್ಲಿ ರಾಟಿಯ ಮುಂದೆ ಕೂತು ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಸುತ್ತುತ್ತಲೇ ನಮಗೆ ಕಥೆ ಹೇಳುತ್ತಿದ್ದಳು, ತಲೆ ಬಾಚುತ್ತಿದ್ದಳು, ನೀಲಾಳ ಮೂಗು ಒರೆಸುತ್ತಿದ್ದಳು. ಅವ್ವ ನಮ್ಮನ್ನು ಹಡೆದಳು, ಸಾಕಿದ್ದು ಗಂಗತ್ತಿ. ಅವಳಿಗೆ ಆಗ ಹತ್ತೊಂಬತ್ತು. ಆ ಕಾಲಕ್ಕೆ ಓಣಿಯ ಹೆಂಗಸರು ಬಾವಿಕಟ್ಟೆಯಲ್ಲಿ ದನಿ ತಗ್ಗಿಸಿ ಹೇಳುವ ವಯಸ್ಸು ಅದು. ಹುನ್ನೂರಿನದೊಂದು, ಸಾವಳಗಿಯದೊಂದು, ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಎರಡನೆಯದು ತಪ್ಪಿದ ದಿನ ಗಂಗತ್ತಿ ಎಂದಿನಂತೆ ರಾಟಿ ತಿರುಗಿಸಿದಳು, ಕಥೆ ಮಾತ್ರ ಹೇಳಲಿಲ್ಲ.

ಮೂರನೆಯದು ಮುಧೋಳದ್ದು. ಹತ್ತಿ ವ್ಯಾಪಾರದ ಮನೆ. ಹುಡುಗ ಛಲೋ ಅಂತ ಎಲ್ಲರೂ ಹೇಳಿದರು. ಗಂಗತ್ತಿ ಏನೂ ಹೇಳುವ ಹಾಗಿರಲಿಲ್ಲ. ಕನ್ಯಾ ನೋಡಲು ಬಂದ ದಿನ ತಲೆ ತಗ್ಗಿಸಿ ಕೂತವಳಿಗೆ ಕಂಡದ್ದು ಅವನ ಕಾಲಿನ ಎರಡು ಹೆಬ್ಬೆರಳು ಮಾತ್ರ. "ಉಗುರು ಛಲೋ ತಗದಿದ್ದ" ಎಂದು ಆಮೇಲೆ ನನ್ನ ಮುಂದೆ ಹೇಳಿದ್ದಳು. ಆ ಮನೆಯಲ್ಲಿ ನಾವು ಹೆದರಬೇಕಾದದ್ದು ಹುಡುಗನಿಗಲ್ಲ, ಅವನ ತಾಯಿಗೆ. ಆಕೆ ಶಕುನದ ಹೆಂಗಸು. ಹಿಂದೆ ಲೋಕಾಪುರದಲ್ಲೊಂದು ಕನ್ಯಾ ನೋಡಲು ಹೋದಾಗ ದೇವರ ಜಗಲಿಯ ದೀಪ ಆರಿತೆಂದು ಮುಂದಿಟ್ಟ ಚಹಾ ಸಹಿತ ಮುಟ್ಟದೆ ಎದ್ದು ಬಂದಿದ್ದಳಂತೆ. ಈ ಸುದ್ದಿ ನಮಗೆ ನಿಶ್ಚಯ ಆದಮೇಲೆ ತಿಳಿಯಿತು. ಅಂದಿನಿಂದ ಆಯಿ ಮನೆಯ ಎಲ್ಲ ದೀಪಕ್ಕೂ ಎಣ್ಣೆ ಕಂಠಮಟ್ಟ ಹಾಕತೊಡಗಿದಳು.

ಮದುವೆ ಗೊತ್ತಾದ ಹುಡುಗಿಗೆ ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ಅತ್ತೆಯ ಮನೆಯಿಂದ ಬರಬೇಕು. ಮುಧೋಳದವರು ಎಷ್ಟು ತಿಂಗಳ ಕಾರ್ಡಿನ ಸಕ್ಕರೆ ಕೂಡಿಟ್ಟಿದ್ದರೋ, ಒಂದು ಬುಟ್ಟಿ ತುಂಬ ಗೊಂಬೆ ಕಳಿಸಿದರು. ಆನೆ, ನವಿಲು, ಗಿಳಿ, ಬಸವಣ್ಣ ಎಲ್ಲ ಇದ್ದವು. ಎಲ್ಲದರ ನಡುವೆ, ಬಡಿಗನ ಕಡೆಯಿಂದ ಇದಕ್ಕೇ ಎಂದು ಅಚ್ಚು ಕೊರೆಸಿ ಮಾಡಿದ್ದು, ಗೇಣುದ್ದದ ಮದುಮಗ. ಕುದುರೆಯ ಮೇಲೆ ನೆಟ್ಟಗೆ ಕೂತಿದ್ದ. ತಲೆಗೆ ಪಟಗ, ಹುರಿ ಮೀಸೆ. ಓಣಿಯೆಲ್ಲ ಬಂದು ನೋಡಿತು. ಗಂಗತ್ತಿ ಅಡಿಗೆಮನೆಯ ಬಾಗಿಲ ಹಿಂದಿನಿಂದ ನೋಡಿದಳು. ಆಯಿ ಬುಟ್ಟಿಗೆ ಬಟ್ಟೆ ಮುಚ್ಚಿ ಇರುವೆ ಹತ್ತದಂತೆ ನೆಲುವಿನಲ್ಲಿ ತೂಗುಹಾಕಿದಳು.

ದೀಪಾವಳಿ ಸೂಟಿ ಇನ್ನೂ ಮುಗಿದಿರಲಿಲ್ಲ. ಮಳೆ ಹೋಗಿ ಚಳಿ ಸರಿಯಾಗಿ ಬಾರದ ಆ ದಿನಗಳಲ್ಲಿ ಮಕ್ಕಳಿಗೆ ಮಾಡಲು ಕೆಲಸ ಕಡಿಮೆ. ದೀಪಾವಳಿಗೆ ಹೊಸ್ತಿಲ ಮೇಲೆ ಕೂಡಿಸಿದ್ದ ಸಗಣಿಯ ಪಾಂಡವರು ಮಾಳಿಗೆಯ ಮೇಲೆ ಒಣಗುತ್ತಿದ್ದರು. ಅವರ ತಲೆಗೆ ಸಿಗಿಸಿದ್ದ ಚೆಂಡುಹೂ ಎಣಿಸಿ ಬಂದರೆ ಅರ್ಧ ತಾಸು ಹೋಗುತ್ತಿತ್ತು. ಅಕ್ಕಿಯಲ್ಲಿ ಹುಗಿದಿಟ್ಟ ಸೀತಾಫಲ ಹಣ್ಣಾಯಿತೇ ಎಂದು ಡಬ್ಬಿಗೆ ಕೈ ಹಾಕಿ ಒತ್ತಿ ನೋಡುವುದು ಇನ್ನರ್ಧ ತಾಸು. ಮೈ ಬೂದಿಬೂದಿಯಾಗಿ ಒಡೆಯುತ್ತಿತ್ತು, ತುಟಿ ಸೀಳುತ್ತಿತ್ತು. ಮುಂದೆ ಬರುವ ಪ್ರಸಂಗದಲ್ಲಿ ಈ ಸೀಳಿದ ತುಟಿಗೂ ಪಾತ್ರವಿದೆ, ಆದ್ದರಿಂದ ಹೇಳಿದೆ.

ಮೊದಲ ಸಂಜೆ ಆರತಿ ಮಾಡಿ ತಂದ ತಾಟನ್ನು ಆಯಿ ಜಗಲಿಯ ಮೇಲಿಟ್ಟು ಕೈಕಾಲು ತೊಳೆಯಲು ಹೋದಳು. ಅಷ್ಟರಲ್ಲಿ ನೀಲಾ ಆನೆಯ ಬಲಗಿವಿಯನ್ನು ನೆಕ್ಕಿಬಿಟ್ಟಳು. ನಾನು ನೋಡಿದೆ. ಹೇಳಿಕೊಡಬಹುದಿತ್ತು. ನಾನು ಮೊದಲಿನಿಂದಲೂ ಇದ್ದದ್ದನ್ನು ಸರಿಪಡಿಸುವ ಸ್ವಭಾವದವಳು. ಒಂದು ಕಿವಿ ದೊಡ್ಡದು, ಒಂದು ಸಣ್ಣದು ಇದ್ದರೆ ಆಯಿಗೆ ಗೊತ್ತಾಗುತ್ತದೆ. ಎಡಗಿವಿಯನ್ನೂ ಅಷ್ಟೇ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗೆಂದು ಸಮ ಮಾಡಿದೆ. ನನ್ನ ನಾಲಿಗೆ ನೀಲಾಳದಕ್ಕಿಂತ ದೊಡ್ಡದು, ಎಡಗಿವಿ ತುಸು ಹೆಚ್ಚೇ ಸವೆಯಿತು. ಎರಡನೆಯ ಸಂಜೆ ಬಲಗಿವಿಯನ್ನು ಅದಕ್ಕೆ ಸರಿದೂಗಿಸಿದೆ. ಮತ್ತೆ ಹೆಚ್ಚಾಯಿತು. ಕೊನೆಗೆ ಕಿವಿಗಳೇ ಉಳಿಯಲಿಲ್ಲ. ಕಿವಿ ಇಲ್ಲದ ಆನೆಗೆ ಅಷ್ಟುದ್ದ ಸೊಂಡಿಲು ಚೆಂದ ಕಾಣುವುದಿಲ್ಲ ಎಂದು ಅದನ್ನೂ ನಾವಿಬ್ಬರು ಕೂಡಿ ವಿಚಾರ ಮಾಡಿದೆವು. ಇಂದಿಗೂ ನಾನು ಪರದೆ ಕತ್ತರಿಸಿದರೂ, ಹೋಳಿಗೆ ಹಂಚಿದರೂ ಇದೇ ಕಥೆ.

ಮೂರನೆಯ ದಿನ ಆಯಿ ಬುಟ್ಟಿ ಇಳಿಸಿ ಆನೆಯನ್ನು ಬೆಳಕಿಗೆ ಹಿಡಿದಳು.

"ಯವ್ವಾ, ಬೀಗರು ಹಂದಿ ಯಾಕ ಕಳಸ್ಯಾರ?"

ಅವ್ವ ಓಡಿ ಬಂದಳು. ಆಯಿ ನಮ್ಮಿಬ್ಬರ ಗದ್ದ ಹಿಡಿದು ತುಟಿ ನೋಡಿದಳು. ಸೀಳಿದ ಬಿರುಕಿನಲ್ಲಿ ಸಕ್ಕರೆಯ ಹರಳು ಬಿಳಿಗೆ ಕೂತಿತ್ತು. ಸಾಕ್ಷಿ ಬೇಕಾಗಲಿಲ್ಲ. ನೀಲಾ ಸಣ್ಣವಳೆಂದು ಅವಳ ಪಾಲಿನ ಏಟುಗಳೂ ನನ್ನ ಬೆನ್ನಿಗೇ ಬಿದ್ದವು. ಆಮೇಲೆ ನನ್ನನ್ನು ಜಗಲಿಯ ಮುಂದೆ ನಿಲ್ಲಿಸಿ ಆಣೆ ಮಾಡಿಸಿದಳು: ಇನ್ನು ಮುಟ್ಟಿದರೆ ಗೌರಿ ನನ್ನ ಎರಡೂ ಕಣ್ಣು ಕಳೆಯಲಿ.

"ಆನಿ ಹೋದ್ರ ಹೋಗಲಿ, ಬಸವಣ್ಣನ ಹಿಂದ ಇಡೂಣು. ಆ ಮದಿಮಗನ್ನ ಯಾರರ ಮುಟ್ಟಿದ್ರ ಕೈ ಮುರದ ಕೊಡ್ತೀನಿ" ಅಂದಳು ಆಯಿ. ಮತ್ತೆ ಗಂಗತ್ತಿಯ ಕಡೆ ತಿರುಗಿ, "ಈ ಹುಡುಗೂರನ್ನ ನಂಬಿ ಉಪಯೋಗಿಲ್ಲ. ಇವತ್ತಿನಿಂದ ಬುಟ್ಟಿ ನೀನ ಕಾಯಿ" ಅಂದಳು.

ಗಂಗತ್ತಿ "ಹೂಂ" ಅಂದಳು. ನಾನು ಆಣೆಗೆ ನಿಂತೆ. ಎರಡು ದಿನ ನೆಲುವಿನ ಕೆಳಗೆ ಹಾಯಲೂ ಇಲ್ಲ, ಸುತ್ತುಹಾಕಿ ಹಿತ್ತಲಿಗೆ ಹೋಗುತ್ತಿದ್ದೆ. ಜೀವನದಲ್ಲಿ ನಾನು ಸಂಪೂರ್ಣ ಪ್ರಾಮಾಣಿಕಳಾಗಿದ್ದ ದಿನಗಳನ್ನು ಎಣಿಸಿದರೆ ಆ ಎರಡು ದಿನ ಮೊದಲು ಬರುತ್ತವೆ.

ಐದನೆಯ ದಿನ, ಹುಣ್ಣಿಮೆಯ ಮಧ್ಯಾಹ್ನ, ಹೇಳದೆ ಕೇಳದೆ ಮುಧೋಳದ ಬೀಗತಿ ಬಸ್ಸಿಳಿದು ಬಂದಳು. ಸೊಸೆಯಾಗುವವಳಿಗೆ ಉಡಿ ತುಂಬಿ, ಆರತಿ ಕಣ್ಣಾರೆ ನೋಡಿ ಹೋಗೋಣ ಅಂತ. ಎತ್ತರದ ಹೆಂಗಸು, ದನಿ ಇನ್ನೂ ಎತ್ತರ. ಸಕ್ಕರೆಯ ಚಹಾ ಆಯಿತು. ದೀಪ ಉರಿಯುತ್ತಿತ್ತು. ಆಯಿ ಎರಡು ಸಲ ಅದರ ಕಡೆ ನೋಡಿ ಸಮಾಧಾನ ಮಾಡಿಕೊಂಡಳು.

"ಎಲ್ಲಿ, ನಮ್ಮ ಗೊಂಬಿ ತೋರಸ್ರಿ ನೋಡೂಣು" ಅಂದಳು ಬೀಗತಿ.

ಆಯಿ ಬುಟ್ಟಿ ಇಳಿಸಿ ಬಟ್ಟೆ ಸರಿಸಿದಳು. ಕುದುರೆ ಇತ್ತು. ಕುದುರೆಯ ಮೇಲೆ ಮದುಮಗನಿದ್ದ. ಮದುಮಗನಿಗೆ ತಲೆ ಇರಲಿಲ್ಲ. ಪಟಗ, ಮೀಸೆ ಎಲ್ಲ ಹೋಗಿ, ಹೆಗಲಿನ ಮೇಲೆ ನುಣ್ಣಗೆ ಖಾಲಿ.

ಒಳಗೆ ಅಪ್ಪನ ಮಗ್ಗದ ಸಪ್ಪಳ ನಿಂತಿತು. ಮಗ್ಗ ನಿಂತರೆ ನಮ್ಮ ಮನೆ ನಮ್ಮ ಮನೆಯ ಹಾಗಿರುತ್ತಿರಲಿಲ್ಲ. ಬೀಗತಿ ಬಗ್ಗಿ ನೋಡಿದಳು, ಮುಟ್ಟಲಿಲ್ಲ.

"ಒಂದ ಮಾತು ಕೇಳ್ತೀನ್ರಿ, ಖರೆ ಹೇಳ್ರಿ" ಅಂದಳು. ದನಿ ಮೊದಲ ಸಲ ಸಣ್ಣದಾಗಿತ್ತು. "ಇದು ತಾನ ಮುರೀತೋ, ಹುಡುಗೂರು ತಿಂದರೋ? ಹುಡುಗೂರು ತಿಂದಿದ್ರ ಗೌರಿ ತಿಂದಂಗ, ಅದಕ್ಕ ದೋಷ ಇಲ್ಲ. ತಾನ ಮುರದಿದ್ರ ನಾ ಇದ ಬಸ್ಸಿಗೆ ಹೊಳ್ಳಿ ಹೋಗ್ತೀನ್ರಿ. ಒಬ್ಬನ ಮಗ ಅದಾನ ನನಗ."

ಮದುಮಗಳೇ ತಿಂದಿದ್ದರೆ ಏನು ಎಂದು ಆಕೆ ಹೇಳಲಿಲ್ಲ. ಅಂಥದ್ದೊಂದು ಸಂಭವ ಇರಬಹುದೆಂದು ಮುಧೋಳದಿಂದ ಬನಹಟ್ಟಿಯತನಕ ಯಾರ ತಲೆಗೂ ಹೊಳೆದಿರಲಿಲ್ಲ.

ಆಯಿ ನೀಲಾಳನ್ನು ಹಿಡಿದಳು. "ನೀ ತಿಂದೇನ ಬೇ? ಖರೆ ಹೇಳ, ಬಡಿಯೂದಿಲ್ಲ."

ಹುಟ್ಟಿದಾಗಿನಿಂದ ಮೊದಲ ಸಲ ನಿರಪರಾಧಿಯಾಗಿದ್ದ ನೀಲಾ ಜೋರಾಗಿ ಅತ್ತಳು. "ನಾ ಕಿವಿ ಅಷ್ಟ ತಿಂದೇನಿ! ಬರೇ ಕಿವಿ!"

ಉಳಿದವಳು ನಾನು. ಎಲ್ಲರ ಕಣ್ಣೂ ನನ್ನ ಮೇಲೆ ಬಂದವು. ನಾನು ಗಂಗತ್ತಿಯ ಪಕ್ಕದಲ್ಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಾನು ತಿಂದಿಲ್ಲ, ಆಣೆ ಮಾಡಿದ್ದೇನೆ, ಕಣ್ಣು ಹೋಗುತ್ತವೆ ಎಂದು ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಗಂಗತ್ತಿ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಬೆವತಿತ್ತು. ಬೆರಳುಗಳು ನನ್ನ ಬೆರಳಿಗೆ ಅಂಟಿದವು. ಬೆಲ್ಲದ ಅಂಟು ಬೇರೆ, ಸಕ್ಕರೆಯ ಅಂಟು ಬೇರೆ. ಆ ವಾರ ನನ್ನಷ್ಟು ಚೆನ್ನಾಗಿ ಅದನ್ನು ತಿಳಿದವರು ಇರಲಿಲ್ಲ.

ತಲೆಯೆತ್ತಿ ನೋಡಿದೆ. ಗಂಗತ್ತಿ ನನ್ನ ಕಡೆ ನೋಡುತ್ತಿರಲಿಲ್ಲ. ಆ ತಲೆಯಿಲ್ಲದ ಮದುಮಗನನ್ನೇ ನೋಡುತ್ತಿದ್ದಳು, ಸಾವಳಗಿಯ ಸಂಬಂಧ ತಪ್ಪಿದ ದಿನ ರಾಟಿಯನ್ನು ನೋಡುತ್ತಿದ್ದ ಹಾಗೆ.

"ನಾನ ತಿಂದೆ" ಅಂದೆ.

ಆಯಿಯ ಕೈ ಮೇಲೆದ್ದಿತು. ಬೀಗತಿ ಅದನ್ನು ಅರ್ಧದಲ್ಲೇ ಹಿಡಿದು, ಹೊಟ್ಟೆ ಅಲುಗಾಡುವಂತೆ ನಕ್ಕಳು. ಅಷ್ಟು ದೊಡ್ಡ ಹೆಂಗಸಿಗೆ ಅಷ್ಟು ಹೆದರಿಕೆ ಆಗಿತ್ತೆಂದು ನನಗೆ ತಿಳಿದದ್ದು ಆ ನಗು ಕೇಳಿದಾಗ. ನನ್ನನ್ನು ಎಳೆದು ತೊಡೆಯ ಮೇಲೆ ಕೂಡಿಸಿಕೊಂಡಳು.

"ಆತು, ಗೌರಿನ ತಿಂದ್ಲು. ಹೇಳವಾ, ನನ್ನ ಮಗನ ತಲಿ ರುಚಿ ಹೆಂಗಿತ್ತು?"

ಇದು ಕಠಿಣ ಪ್ರಶ್ನೆ. ಆನೆಯ ಕಿವಿ, ಸೊಂಡಿಲು ಕೇಳಿದ್ದರೆ ವಿವರವಾಗಿ ಹೇಳುತ್ತಿದ್ದೆ. "ಸಿಹಿ ಇತ್ರಿ" ಅಂದೆ, ಸಾಲಿಯಲ್ಲಿ ಓದದೆ ಬಂದ ಪಾಠ ಒಪ್ಪಿಸುವ ಹಾಗೆ. ಎಲ್ಲರೂ ನಕ್ಕರು. ಗಂಗತ್ತಿ ನಗಲಿಲ್ಲ, ಒಳಗೆ ಹೋಗಿ ಕೈ ತೊಳೆದ ಸಪ್ಪಳ ಕೇಳಿಸಿತು. ಅಪ್ಪನ ಮಗ್ಗ ಮತ್ತೆ ಸುರುವಾಯಿತು.

ಸಂಜೆಗೆ ಅವ್ವ ಆ ಹೆಗಲಿನ ಮೇಲೆ ಒಂದು ಚೆಂಡುಹೂ ಸಿಗಿಸಿದಳು. ಹಳದಿ ತಲೆಯ ಮದುಮಗ ಗೌರಿಯ ಮುಂದೆ ಹೋದ. ಆರತಿ ನಡೆದಷ್ಟು ಹೊತ್ತು ನಾನು ಒಂದು ಕಣ್ಣು ಮುಚ್ಚಿ ಒಂದು ತೆರೆದು, ಅದನ್ನು ಮುಚ್ಚಿ ಇದನ್ನು ತೆರೆದು, ಎರಡೂ ಇವೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದೆ. ತಿಂದರೆ ಕಣ್ಣು ಹೋಗಲಿ ಎಂದು ಆಣೆ. ತಿನ್ನದೆ ತಿಂದೆನೆಂದರೆ ಗೌರಿ ಏನು ಮಾಡುತ್ತಾಳೆ ಎಂಬುದು ಆಯಿಯನ್ನೂ ಕೇಳುವಂತಿರಲಿಲ್ಲ. ಆಣೆ ಮುರಿದವಳೆಂದು ಆಯಿ ನನ್ನ ಕೂಡ ಎರಡು ದಿನ ಮಾತು ಬಿಟ್ಟಳು. ಅದು ಬೆನ್ನಿಗೆ ಬಿದ್ದವಕ್ಕಿಂತ ಹೆಚ್ಚು ನೋಯಿತು. ಆ ರಾತ್ರಿ ಊಟಕ್ಕೆ ಕೂತಾಗ ಗಂಗತ್ತಿ ತನ್ನ ಪಾಲಿನ ನವಿಲನ್ನು ನನ್ನ ತಾಟಿಗಿಟ್ಟಳು.

ಛಟ್ಟಿ ಅಮಾವಾಸ್ಯೆಗೆ ಮುಂಚೆ ಮದುವೆಯಾಗಿ ಅವಳು ಮುಧೋಳಕ್ಕೆ ಹೋದಳು. ರಾಟಿಯ ಮುಂದಿನ ಜಾಗ ಕೆಲವು ದಿನ ಖಾಲಿ ಇತ್ತು, ಆಮೇಲೆ ಅಲ್ಲಿ ನನ್ನನ್ನು ಕೂಡಿಸಿದರು. ನಾನು ಬಹಳ ಅತ್ತೆ. ನೀಲಾ ನನಗಿಂತ ಹೆಚ್ಚು ಅತ್ತಳು, ಕಾರಣ ಅವಳ ಮೂಗು ಒರೆಸುವ ಕೆಲಸ ನನಗೆ ಬಂದಿತ್ತು, ನಾನು ಪರಕಾರದ ಅಂಚಿನಿಂದ ತಿಕ್ಕುತ್ತಿದ್ದೆ.

ಮುಧೋಳದ ಮನೆಯಲ್ಲಿ ನನಗೆ ಹೆಸರೊಂದು ಹುಟ್ಟಿಕೊಂಡಿತು. ಸೂಟಿಗೆ ಹೋದರೆ ಗಂಗತ್ತಿಯ ಗಂಡ, ನಮ್ಮ ಮಾಮಾ, ಹೊಸ್ತಿಲಲ್ಲೇ ಎರಡೂ ಕೈಯಿಂದ ತಲೆ ಹಿಡಿದುಕೊಂಡು, "ತಲಿ ತಿಂದಾಕಿ ಬಂದ್ಲು, ನನ್ನ ಪಟಗಾ ಕೊಡ್ರಿ!" ಎಂದು ಕೂಗುತ್ತಿದ್ದರು. ಅವರ ತಾಯಿ ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಸಾಲಿ ಕಲಿತು, ಸಾಲಿ ಕಲಿಸುವವಳಾಗಿ, ಎರಡು ಮಕ್ಕಳ ತಾಯಿಯಾದರೂ ಆ ಹೆಸರು ಹೋಗಲಿಲ್ಲ. ನನ್ನ ಗಂಡನ ಮುಂದೆ ಹೇಳಿದರು, ಮಕ್ಕಳ ಮುಂದೆ ಹೇಳಿದರು. ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು. ತಿಂದವಳು ಪಕ್ಕದಲ್ಲೇ ಚಹಾ ಸೋಸುತ್ತ ನಿಂತಿರುತ್ತಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ.

ಒಂದು ಸಲ ಮಾಮಾ ನನ್ನನ್ನು ಬಸ್ಸಿಗೆ ಹತ್ತಿಸಲು ಬಂದಿದ್ದರು. ಅವರ ತಾಯಿ ತೀರಿಕೊಂಡು ಕೆಲವು ತಿಂಗಳಾಗಿತ್ತು. ಬಸ್ಸು ಬರುವುದು ತಡವಾಯಿತು.

"ಶಾಂತವ್ವಾ, ತಿಂದಾಕಿ ಯಾರಂತ ನನಗ ಗೊತ್ತೈತಿ" ಅಂದರು. "ಮದಿವ್ಯಾದ ತಿಂಗಳಿಗೇ ನಿಮ್ಮತ್ತಿ ಅಳಕೋಂತ ಹೇಳಿದ್ಲು. ನಮ್ಮವ್ವಗ ಗೊತ್ತಾಗಬಾರದಲ್ಲ, ಅದಕ್ಕ ನಿನ್ನ ಹೆಸರ ಜೋರಾಗಿ ಹೇಳಕೋಂತ ಬಂದೆ."

"ಈಗ ಅವ್ವ ಇಲ್ಲಲ್ರಿ ಮಾಮಾ. ಇನ್ನರ ಬಿಡ್ರಿ."

"ಈಗ ಹ್ಯಾಂಗ ಬಿಡ್ಲಿ? ರೂಢಿ ಆತು" ಅಂದರು. ಮುಂದಿನ ಸಲ ಹೋದಾಗ ಮೊದಲಿಗಿಂತ ಜೋರಾಗಿ ಕೂಗಿದರು.

ಮಾಮಾ ಹೋಗಿ ಈಗ ನಾಕು ವರ್ಷ. ಹೊಸ್ತಿಲಲ್ಲಿ ಯಾರೂ ತಲೆ ಹಿಡಿದುಕೊಳ್ಳುವುದಿಲ್ಲ. ಆ ಹೆಸರನ್ನು ಇಷ್ಟು ಬಯಸುತ್ತೇನೆಂದು ನನಗೆ ಗೊತ್ತಿರಲಿಲ್ಲ.

ಹೋದ ವರ್ಷ ಗೌರಿ ಹುಣ್ಣಿಮೆಗೆ ಗಂಗತ್ತಿ ನಮ್ಮಿಬ್ಬರನ್ನೂ ಬರಹೇಳಿದ್ದಳು. ಮನೆ ತುಂಬ ಮೊಮ್ಮಕ್ಕಳು, ಮರಿಮಕ್ಕಳು. ಅವಳಿಗೆ ಸಕ್ಕರೆ ಬೇನೆ; ಬೆಳಿಗ್ಗೆ ಬೇವಿನ ರಸ, ಮಧ್ಯಾಹ್ನ ಗುಳಿಗೆ. ಆದರೂ ಹಳೆಯ ಅಚ್ಚು ತೆಗೆಸಿ, ನೀರಲ್ಲಿ ನೆನೆಹಾಕಿ, ಎರಡು ಅರ್ಧಗಳನ್ನು ದಾರದಿಂದ ಬಿಗಿದು, ಸೊಸೆಯ ಕೈಯಿಂದ ಪಾಕ ಹೊಯ್ಸಿದ್ದಳು. ಮರುದಿನ ನಾವು ಹೊರಟಾಗ ನಮ್ಮಿಬ್ಬರಿಗೂ ಒಂದೊಂದು ಕೊಟ್ಟು ಕಳಿಸಿದ್ದು ಆ ಅರ್ಧಗಳನ್ನೇ. ಸಂಜೆ ಆರತಿ ಮುಗಿದಮೇಲೆ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡಳು.

"ಅವರ ಮಾರಿ ನೋಡಿರಲಿಲ್ಲ ಶಾಂತವ್ವಾ" ಅಂದಳು. ಅರವತ್ತು ವರ್ಷದ ಮೇಲೆ, ನಿನ್ನೆ ಬಿಟ್ಟ ಮಾತನ್ನು ಮುಂದುವರಿಸುವ ಹಾಗೆ. "ಬರೇ ಕಾಲ ಹೆಬ್ಬಟ್ಟ ನೋಡಿದ್ದೆ. ಬುಟ್ಟಿ ಕಾಯಾಕ ಹೇಳಿದ್ರಲ್ಲ, ಗೊಂಬಿ ಮಾರಿನರ ನೋಡೂಣು ಅಂತ ಹತ್ತರ ಹಿಡದೆ. ಭಾಳ ಹತ್ತರ ಹಿಡದೆ. ಒಮ್ಮಿ ಮುದ್ದ ಕೊಟ್ಟೆ. ಸಿಹಿ ಇತ್ತು. ಆಮ್ಯಾಲೆ ಹೆಂಗ ತಡೀಲಿ?"

ನಾನು ನಕ್ಕೆ. ಅವಳೂ ನಕ್ಕಳು, ಬಾಯಲ್ಲಿ ಹಲ್ಲಿರಲಿಲ್ಲ. ನಕ್ಕು, ಸೆರಗಿನಿಂದ ಮದುಮಗನನ್ನು ಹೊರಗೆ ತೆಗೆದಳು. ತಲೆ, ಪಟಗ, ಹುರಿ ಮೀಸೆ, ಎಲ್ಲ ಇತ್ತು.

"ತಿನ್ನು. ಅವತ್ತ ಹೆಸರಷ್ಟ ನಿನಗ ಬಂದಿತ್ತು."

ಬೇಡ ಅನ್ನಲು ಆಗಲಿಲ್ಲ. ಅವಳ ಎದುರಿಗೇ ಮದುಮಗನ ಬಲಗೆನ್ನೆಯನ್ನು ನಾಲಿಗೆಗೆ ಮುಟ್ಟಿಸಿದೆ. ಸಕ್ಕರೆ, ಅಷ್ಟೇ. ತುಸು ಕಟ್ಟಿಗೆಯ ವಾಸನೆ. ಸೀಳಿದ ತುಟಿಗೆ ಚುರ್ ಅಂದಿತು. ನೋಡಿದರೆ ಒಂದು ಬದಿಯ ಮೀಸೆ ಸಣ್ಣದಾಗಿತ್ತು. ಗಂಗತ್ತಿ ಕಣ್ಣು ಒರೆಸಿಕೊಂಡು ನೋಡುತ್ತಲೇ ಇದ್ದಳು. ನಾನು ಇನ್ನೊಂದು ಬದಿಯನ್ನೂ ಸಮ ಮಾಡಿದೆ.